ದಯವಿಟ್ಟು ಫೋನ್ ಮಾಡಬೇಡಿ

ಹತ್ತೊಂಬತ್ತನೆಯ ಪ್ರಶ್ನೆಗೆ 'ಅ'ಗೆ ಆರು ಅಂಕ ಕೊಡುವುದೋ ಆರೂವರೆ ಕೊಡುವುದೋ ಎಂಬಲ್ಲಿ ಬೆಳಗಿನಿಂದ ಸಿಕ್ಕಿಕೊಂಡಿದ್ದ. ಆರು ಕೊಟ್ಟರೆ 'ಆ' ಗೆದ್ದುಬಿಡುತ್ತದೆ. ಆರೂವರೆ ಕೊಟ್ಟರೆ ಎರಡೂ ಸಮ. ಸಮವಾದರೆ ಇನ್ನೊಂದು ತಿಂಗಳು ಯೋಚಿಸಬಹುದು.

ಹೆಂಡತಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಆ ಕಡೆಯಿಂದ ಹೋದಳು.

"ಇನ್ನೂ ಮುಗೀಲಿಲ್ವಾ?"

"ಮುಗೀತಾ ಬಂತು."

"ನಮ್ಮಪ್ಪ ನನಗೆ ಗಂಡು ಹುಡುಕೋಕೂ ಇಷ್ಟು ದಿನ ತಗೊಳ್ಲಿಲ್ಲ." ಬಾಗಿಲು ದಾಟುತ್ತ ಅವಳೇ ಮುಗಿಸಿದಳು: "ತಗೊಂಡಿದ್ರೆ ಚೆನ್ನಾಗಿತ್ತು."

ಅದು ತಮಾಷೆ ಎಂದು ತೀರ್ಮಾನಿಸಿ ಅವನು ಅಂಕಪಟ್ಟಿಗೆ ಮರಳಿದ.

ಅ, ಆ, ಇ ಎಂದರೆ ವೆಬ್‌ಸೈಟು ಕಟ್ಟಲು ಜಾಗ, ಸಲಕರಣೆ ಒದಗಿಸುವ ಮೂರು ಕಂಪನಿಗಳು. ಹೆಸರು ಕಣ್ಣಿಗೆ ಬಿದ್ದರೆ ಮನಸ್ಸು ವಾಲುತ್ತದೆಂದು ಅವನೇ ಹೆಸರು ಅಳಿಸಿ ಅಕ್ಷರ ಹಾಕಿದ್ದ. 'ಅ' ಬಾಡಿಗೆ ಮನೆಯಂಥದ್ದು. ಎಲ್ಲ ಸಿದ್ಧವಾಗಿರುತ್ತದೆ, ಆದರೆ ಒಂದು ಮೊಳೆ ಹೊಡೆಯಬೇಕಾದರೂ ಕೇಳಬೇಕು. 'ಇ' ಪುಕ್ಕಟೆ; ಗೋಡೆ ನಾವೇ ಎಬ್ಬಿಸಬೇಕು, ಸೋರಿದರೆ ನಾವೇ ಏಣಿ ಹತ್ತಬೇಕು. 'ಆ' ಇವೆರಡರ ನಡುವಿನದು. ಮೂರಕ್ಕೂ ಇಪ್ಪತ್ತೇಳು ಪ್ರಶ್ನೆ, ಪ್ರತಿ ಪ್ರಶ್ನೆಗೆ ಹತ್ತು ಅಂಕ. ಕೆಲಸ ಶುರುವಾಗಿ ನಾಲ್ಕೂವರೆ ತಿಂಗಳಾಗಿತ್ತು. ಸಂಜೆ ನಾಲ್ಕಕ್ಕೆ ಸಭೆ. ಇವತ್ತು ಒಂದನ್ನು ಆರಿಸಲೇಬೇಕೆಂದು ಅಧ್ಯಕ್ಷರು ಹೇಳಿ ಕಳಿಸಿದ್ದರು.

ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಆರು ವರ್ಷದಿಂದ ಈ ಸಂಘಕ್ಕೆ ಕಾರ್ಯದರ್ಶಿ. ಸಂಘ ಎಂದರೆ ದೊಡ್ಡದೇನಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಗಾಲಿಕುರ್ಚಿ, ವಾಕರ್, ಕಬ್ಬಿಣದ ಮಂಚ, ಬೆನ್ನು ಹುಣ್ಣಾಗದಂತೆ ಕಾಯುವ ಗಾಳಿ ಹಾಸಿಗೆ ಇಂಥವನ್ನು ಪುಕ್ಕಟೆಯಾಗಿ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುವ ನಾಲ್ಕು ಜನ. ಆ ನಾಲ್ವರಲ್ಲಿ ಓದಿದವನು ತಾನೊಬ್ಬನೇ ಎಂಬುದು ಅವನಿಗೆ ನೋವಿನ ಸಂಗತಿ. ಆ ನೋವನ್ನು ಅವನು ಜೋಪಾನವಾಗಿ ಸಾಕಿಕೊಂಡಿದ್ದ.

ಅಧ್ಯಕ್ಷರಿಗೆ ಕುರ್ಚಿ ಮೇಜಿನ ಅಂಗಡಿ. ಮನುಷ್ಯರನ್ನೂ ತಟ್ಟಿ ನೋಡಿ ಯಾವ ಮರ ಎಂದು ಹೇಳುವ ಆಸಾಮಿ. ಖಜಾಂಚಿಯದು ಕನ್ನಡಕದ ಅಂಗಡಿ. ಎಲ್ಲರೂ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಇನ್ನು ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದು ನಿವೃತ್ತಿಯಾದವರು. ಸಾಮಾನಿನ ಕೋಣೆಯ ಬೀಗದ ಕೈ, ಸಂಘದ ಫೋನು ಎರಡೂ ಅವರ ಬಳಿ. ಯಾರಿಗೆ ಏನು ಕೊಟ್ಟೆ ಎಂಬುದನ್ನು ಗೆರೆ ಹಾಕಿದ ಶಾಲೆಯ ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು. ಆ ನೋಟುಪುಸ್ತಕ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ವರ್ಷ ಫೋನು ಅವನ ಬಳಿಯೇ ಇತ್ತು. ಪಾಠದ ನಡುವೆ ಬಡಿದುಕೊಳ್ಳುತ್ತಿತ್ತು. ವಾಕರ್ ಕೇಳಲು ಫೋನ್ ಮಾಡಿದವರು ಅಪ್ಪ ಬಚ್ಚಲಲ್ಲಿ ಬಿದ್ದದ್ದು, ತಮ್ಮ ನೋಡಲು ಬಾರದ್ದು, ಮಲ, ಮೂತ್ರ, ಅಳು ಎಲ್ಲ ಮುಗಿಸಿ ಕೊನೆಗೆ ವಾಕರಿಗೆ ಬರುತ್ತಿದ್ದರು. ದುಃಖದಲ್ಲಿರುವವರಿಗೆ ವಿಷಯಕ್ಕೆ ಬರುವುದು ಗೊತ್ತಿಲ್ಲ ಎಂದು ಅವನು ಕಂಡುಕೊಂಡಿದ್ದ. ವೆಬ್‌ಸೈಟು ಬೇಕು ಎಂದು ಮೊದಲು ಹೇಳಿದವನೂ ಅವನೇ.

ಸಭೆಯಲ್ಲಿ ತೋರಿಸಲು ಒಂದು ಚಿತ್ರ ಬೇಕಾಗಿತ್ತು. 'ಆ'ದಲ್ಲಿ ಕಟ್ಟಿದ್ದ ಪ್ರಯೋಗದ ವೆಬ್‌ಸೈಟನ್ನು ತೆರೆದ. ಮೂರರಲ್ಲೂ ಒಂದೊಂದು ಕಟ್ಟಿ ನೋಡಿದ್ದ. ನ್ಯಾಯ ಎಂದರೆ ನ್ಯಾಯ. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ, ಅದರೊಳಗೆ ಇಪ್ಪತ್ತಮೂರು ಎಂಬ ಅಂಕಿ.

ಜಾಹೀರಾತು ಇರಬೇಕು ಎಂದುಕೊಂಡು ಒತ್ತಿದ.

ಜಾಹೀರಾತಾಗಿರಲಿಲ್ಲ. 'ನಾನೇ ರೋಗಿ. ಎತ್ತರ ಐದು ಅಡಿ ನಾಲ್ಕು ಇಂಚು. ವಾಕರ್ ಕೈಗೆ ಎಟುಕುವ ಹಾಗಿರಲಿ' ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ಮಂಚಕ್ಕೆ ಮುಂಚಿತವಾಗಿಯೇ ಧನ್ಯವಾದ ಹೇಳಿದ್ದರು. ಮತ್ತೊಬ್ಬರು ಗಾಲಿಕುರ್ಚಿ ಕೇಳಿ, ಮನೆಗೆ ಎರಡು ಮೆಟ್ಟಿಲಿದೆ, ಹಲಗೆ ನಾವೇ ಹೊಂದಿಸಿಕೊಂಡಿದ್ದೇವೆ ಎಂದಿದ್ದರು. ಹದಿಮೂರು ಮನೆಗಳಿಂದ ಇಪ್ಪತ್ತಮೂರು ಸಂದೇಶ. ಎಲ್ಲಕ್ಕಿಂತ ಹಳೆಯದು ಹತ್ತು ವಾರದ್ದು.

ಆಗಿದ್ದು ಏನೆಂದು ಅವನಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಅಷ್ಟು ಬುದ್ಧಿ ಅವನಿಗಿತ್ತು. ಎಂಟನೆಯ ಪ್ರಶ್ನೆ: 'ಜನ ಹುಡುಕಿದರೆ ಸಿಗುತ್ತದೆಯೇ?' ಇದನ್ನು ಪರೀಕ್ಷಿಸಲು ವೆಬ್‌ಸೈಟನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದ. ಎರಡು ದಿನ ಹುಡುಕಿ ನೋಡಿ, ಸಿಗಲಿಲ್ಲವೆಂದು ಎರಡು ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗಿದ್ದ. ವಾಪಸು ಮುಚ್ಚಲು ಮರೆತಿದ್ದ. ಅವನು ಹುಡುಕುವುದನ್ನು ಬಿಟ್ಟ ಮೇಲೆ ಜನಕ್ಕೆ ಅದು ಸಿಕ್ಕಿತ್ತು.

ಹನ್ನೊಂದನೆಯ ಪ್ರಶ್ನೆ: 'ಕೋರಿಕೆ ಬಂದೊಡನೆ ತಾನಾಗಿಯೇ ಉತ್ತರ ಹೋಗುತ್ತದೆಯೇ?' ಅದಕ್ಕಾಗಿ ಒಂದು ಉತ್ತರವನ್ನು ಬರೆದಿಟ್ಟಿದ್ದ. ಎರಡು ಸಂಜೆ ಕೂತು ತಿದ್ದಿದ ಉತ್ತರ. 'ನಿಮ್ಮ ಕೋರಿಕೆ ತಲುಪಿದೆ. ಮೂರು ದಿನದೊಳಗೆ ಸಾಮಾನು ನಿಮ್ಮ ಮನೆಗೆ ಬರುತ್ತದೆ. ದಯವಿಟ್ಟು ಫೋನ್ ಮಾಡಬೇಡಿ.' ಚೆನ್ನಾಗಿ ಬಂದಿದೆ ಅನ್ನಿಸಿ ಒಂಬತ್ತು ಅಂಕ ಕೊಟ್ಟಿದ್ದ.

ಆ ಉತ್ತರ ಇಪ್ಪತ್ತಮೂರು ಸಲ ಹೋಗಿತ್ತು. ಯಾರೂ ಫೋನ್ ಮಾಡಿರಲಿಲ್ಲ.

ಒಬ್ಬ ಹೆಂಗಸು ನಾಲ್ಕು ಸಲ ಬರೆದಿದ್ದಳು. ಮೊದಲನೆಯದು ಆರು ವಾರದ ಹಿಂದಿನದು: 'ನಮ್ಮ ಅತ್ತೆಗೆ ಬೆನ್ನಲ್ಲಿ ಹುಣ್ಣಾಗಿದೆ. ಡಾಕ್ಟರು ಗಾಳಿ ಹಾಸಿಗೆ ಹಾಕಿ ಅಂದರು. ನಾನು ಮನೆಯಲ್ಲೇ ಇರುತ್ತೇನೆ, ಯಾವಾಗ ಬಂದರೂ ಸರಿ.' ಆಮೇಲೆ: 'ಮೂರು ದಿನ ಆಯಿತು. ಫೋನ್ ಮಾಡಬೇಡಿ ಎಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.' ಆಮೇಲೆ: 'ನಿಮ್ಮ ಉತ್ತರ ಮತ್ತೆ ಬಂತು. ಸಂತೋಷ. ಬೆಳಿಗ್ಗೆ ತಂದರೆ ಒಳ್ಳೆಯದು, ಅತ್ತೆಯನ್ನು ಹೊರಳಿಸಲು ಪಕ್ಕದ ಮನೆಯವರು ಸಿಗುತ್ತಾರೆ.' ಕೊನೆಯದು ಬಂದು ಮೂರು ವಾರವಾಗಿತ್ತು: 'ಹುಣ್ಣು ಅಂಗೈಯಷ್ಟಾಗಿದೆ. ಮಂಚದ ಅಳತೆ ಬೇಕಿದ್ದರೆ, ಉದ್ದ ಆರು ಅಡಿ, ಅಗಲ ಮೂರು.'

ಆಮೇಲೆ ಬರೆದಿರಲಿಲ್ಲ. ಬೇರೆ ಕಡೆ ಸಿಕ್ಕಿರಬೇಕು, ಅವನು ಅಂದುಕೊಂಡ. ಜನ ಹೇಗೋ ಹೊಂದಿಸಿಕೊಳ್ಳುತ್ತಾರೆ. ಕೇಳುವ ಚಟವಿರುವವರು ನಾಲ್ಕು ಕಡೆ ಕೇಳಿರುತ್ತಾರೆ.

ಫೋನ್ ಕೈಗೆತ್ತಿಕೊಂಡ. ನರ್ಸಮ್ಮನಿಗೆ ಒಂದು ಮಾತು ಹೇಳಿದರೆ ಸಂಜೆಯೊಳಗೆ ಹದಿಮೂರು ಮನೆಗೂ ಸಾಮಾನು ಹೋಗುತ್ತಿತ್ತು. ಆ ಒಂದು ಮಾತನ್ನು ಮನಸ್ಸಿನಲ್ಲೇ ಬರೆದು ನೋಡಿದ: 'ತಾಂತ್ರಿಕ ಕಾರಣದಿಂದ ಕೆಲವು ಕೋರಿಕೆಗಳು ಗಮನಕ್ಕೆ ಬಂದಿಲ್ಲ.' ಅದರಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ. ಅದು ಅವನಿಗೆ ಹಿಡಿಸಿತು. ಆದರೆ ನರ್ಸಮ್ಮ ಆ ಮಾತನ್ನು ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಯಾರ ಗಮನಕ್ಕೆ, ಎಷ್ಟು, ಎಂದಿನಿಂದ ಎಂದು ಕೇಳಿ ಆ ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಫೋನ್ ಕೆಳಗಿಟ್ಟ. ಸಭೆಯಾದ ಮೇಲೆ ನೋಡೋಣ.

ಹತ್ತೊಂಬತ್ತನೆಯ ಪ್ರಶ್ನೆಗೆ 'ಅ'ಗೆ ಆರೂವರೆ ಹಾಕಿದ. ತಕ್ಷಣ ಮನಸ್ಸು ಬದಲಿಸಿ ಏಳು ಹಾಕಿದ. 'ಅ' ಗೆದ್ದರೆ 'ಆ'ವನ್ನು ಯಾರೂ ತೆರೆದು ನೋಡುವುದಿಲ್ಲ. ನಾಲ್ಕೂವರೆ ತಿಂಗಳ ನ್ಯಾಯ ಅರ್ಧ ಅಂಕದಲ್ಲಿ ಮುಗಿದಿತ್ತು.

ಸಭೆ ಅಧ್ಯಕ್ಷರ ಅಂಗಡಿಯ ಮಹಡಿಯ ಮೇಲೆ. ಒಂದು ಉದ್ದನೆಯ ಕೋಣೆ. ಅರ್ಧಕ್ಕೆ ಹಲಗೆಯ ಗೋಡೆ, ಆಚೆಗೆ ಸಂಘದ ಸಾಮಾನು. ಈಚೆ ಮಾರಾಟವಾಗದ ಒಂದು ಊಟದ ಮೇಜು, ನಾಲ್ಕು ಬಗೆಯ ನಾಲ್ಕು ಕುರ್ಚಿ. ಅಧ್ಯಕ್ಷರದ್ದಕ್ಕೆ ಮಾತ್ರ ಕೈಯಿತ್ತು.

ಅವನು ಅಂಕಪಟ್ಟಿಯನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿ ಒಂದೊಂದೇ ಪ್ರಶ್ನೆ ವಿವರಿಸಿದ. ಐದನೆಯ ಪ್ರಶ್ನೆಗೆ ಅಧ್ಯಕ್ಷರ ಕಣ್ಣು ಮುಚ್ಚಿತು. ಒಂಬತ್ತನೆಯದಕ್ಕೆ ಕನ್ನಡಕದವರು ಅಕ್ಷರ ಚಿಕ್ಕದಾಯಿತು, ವಯಸ್ಸಾದವರಿಗೆ ಕಾಣುವುದಿಲ್ಲ ಎಂದು ತಕರಾರು ತೆಗೆದರು. ಕಾಣದಿದ್ದರೆ ನಿಮ್ಮ ಅಂಗಡಿಗೇ ಬರುತ್ತಾರಲ್ಲ, ನಿಮಗೇನು ನಷ್ಟ ಎಂದು ಅಧ್ಯಕ್ಷರು ಕಣ್ಣು ಮುಚ್ಚಿಕೊಂಡೇ ಹೇಳಿದರು. ಇಂಥವರ ನಡುವೆ ತಾನು ಆರು ವರ್ಷ ಕಳೆದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಮರುಕ ಹುಟ್ಟಿತು.

ಹದಿನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅಧ್ಯಕ್ಷರು ಎದ್ದು ಕೂತರು.

"ಅಂಕ ಗಿಂಕ ಇರಲಿ ಮೇಷ್ಟ್ರೇ. ಯಾವುದು ಪಾಸು?"

"'ಅ'. ಅರ್ಧ ಅಂಕದಿಂದ."

"ಅರ್ಧ ಅಂಕ ಏನು ಮಹಾ. ಎರಡನ್ನೂ ತೆರೆದು ತೋರಿಸಿ. ಗಿರಾಕಿ ಕುರ್ಚಿ ಮೇಲೆ ಕೂತು ನೋಡದೆ ತಗೊಳ್ತಾನಾ?"

ಮೊದಲು 'ಅ' ತೋರಿಸಿದ. ಚೆನ್ನಾಗಿದೆ ಎಂದರು. ಮುಂದಿನದು ಎಂದರು. ಇಂಟರ್‌ನೆಟ್ಟು ನಿಧಾನವಿದೆ ಎಂದು ಹೇಳಿ ನೋಡಿದ. ಅಧ್ಯಕ್ಷರು ಚಹಾ ತರಿಸಿದರು; ನಮಗೇನೂ ಅವಸರವಿಲ್ಲವಲ್ಲ ಎಂದರು. 'ಆ' ತೆರೆಯಿತು.

ಅಧ್ಯಕ್ಷರಿಗೆ ಕೋರಿಕೆಯ ಫಾರ್ಮು ತುಂಬಿ ನೋಡುವ ಆಸೆಯಾಯಿತು. ಗಾಲಿಕುರ್ಚಿ ಎಂದು ಆರಿಸಿದರು. ಹೆಸರಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು. ನನಗ್ಯಾಕೆ ಅಪಶಕುನ ಎಂದು ಕನ್ನಡಕದವರ ಹೆಸರು ಹಾಕಿದರು. ಕನ್ನಡಕದವರು ನಕ್ಕರು, ಆದರೆ ಬಗ್ಗಿ ಮಂಡಿ ಸವರಿಕೊಂಡರು. ಒತ್ತಿದೊಡನೆ ಗೋಡೆಯ ಮೇಲೆ ಉತ್ತರ ಮೂಡಿತು. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು, 'ದಯವಿಟ್ಟು' ಎನ್ನುವಲ್ಲಿ ಸ್ವಲ್ಪ ತಲೆ ಬಾಗಿಸಿ.

"ಇದು ನೋಡಿ ಮರ್ಯಾದೆ ಅಂದ್ರೆ. ಕೇಳೋ ಮುಂಚೆ ಉತ್ತರ. ಇದೇ ಇರಲಿ."

"ಮೂರು ದಿನ ಅಂತ ಯಾರು ಹೇಳಿದ್ದು?" ನರ್ಸಮ್ಮ ಕೇಳಿದರು. "ಕೇಳಿದ ದಿನಾನೇ ನಾನು ಕೊಡ್ತೀನಲ್ಲ."

"ಒಂದು ಮಾತಿಗೆ" ಎಂದ ಅವನು.

"ಫೋನ್ ಯಾಕೆ ಮಾಡಬಾರದು?"

ಕಾಲ ಬದಲಾಗಿದೆ ಎಂದು ಅಧ್ಯಕ್ಷರು ಅವನ ಪರವಾಗಿ ಉತ್ತರಿಸಿದರು. ಬದಲಾಗಿದ್ದು ನಿಜ ಎಂದರು ನರ್ಸಮ್ಮ. ಎರಡು ತಿಂಗಳಿಂದ ಫೋನೇ ಬರುತ್ತಿಲ್ಲ, ಗಾಳಿ ಹಾಸಿಗೆ ಎರಡೂ ಸುತ್ತಿದ ಹಾಗೇ ಬಿದ್ದಿವೆ, ಮುಂಚೆ ಒಂದಕ್ಕೆ ಮೂರು ಮನೆಯವರು ಕಾಯುತ್ತಿದ್ದರು ಎಂದರು. ಊರಲ್ಲಿ ಜನ ಆರೋಗ್ಯವಾಗಿದ್ದಾರೆ ಅಂತಾಯ್ತು ಬಿಡಿ ಎಂದರು ಅಧ್ಯಕ್ಷರು.

ಈಗ ಹೇಳಬಹುದಿತ್ತು. ಬಾಗಿಲು ತಾನಾಗಿ ತೆರೆದಿತ್ತು, ಕಾಲಿಟ್ಟರೆ ಸಾಕಿತ್ತು. ಅವನು ಚಹಾದ ಲೋಟ ಎತ್ತಿಕೊಂಡ.

"ಆ ಮೂಲೇಲಿ ಕೆಂಪಗೆ ಇಪ್ಪತ್ನಾಲ್ಕು ಅಂತಿದೆಯಲ್ಲ, ಏನದು?" ಕನ್ನಡಕದವರು ಕೇಳಿದರು. ಊರಿನವರ ಕಣ್ಣೆಲ್ಲ ಹೇಗಾದರೂ ಇರಲಿ, ಅವರ ಕಣ್ಣು ಚೆನ್ನಾಗಿತ್ತು.

"ಕಸ. ಜಾಹೀರಾತುಗಳು."

"ಇಪ್ಪತ್ನಾಲ್ಕೂನಾ?"

"ಒಂದು ಈಗ ಅಧ್ಯಕ್ಷರು ಕಳಿಸಿದ್ದು."

"ಹಾಗಾದ್ರೆ ಇಪ್ಪತ್ಮೂರು ಕಸ" ಎಂದರು ನರ್ಸಮ್ಮ. ಜ್ವರದ ಪಟ್ಟಿ ಓದುವವರ ದನಿಯಲ್ಲಿ ಹೇಳಿ, ಅವನ ಮುಖವನ್ನು ಒಂದು ಕ್ಷಣ ನೋಡಿದರು.

'ಆ' ಎಂದು ನಿರ್ಣಯವಾಯಿತು. ಕೋರಿಕೆಗಳನ್ನು ನೋಡಿಕೊಳ್ಳುವುದು ನರ್ಸಮ್ಮನೇ ಆದ್ದರಿಂದ ಪಾಸ್‌ವರ್ಡನ್ನು ಇವತ್ತೇ ಅವರಿಗೆ ಕೊಟ್ಟುಬಿಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಸ್ವಲ್ಪ ಚೊಕ್ಕ ಮಾಡಿ ಕೊಡುತ್ತೇನೆಂದು ಹೇಳಿ ಅವನು ಲ್ಯಾಪ್‌ಟಾಪು ಎತ್ತಿಕೊಂಡು ಹಲಗೆಯ ಗೋಡೆಯ ಆಚೆ ಹೋದ.

ಕೂರಲು ಬೇರೆ ಜಾಗವಿರಲಿಲ್ಲ. ಒಂದು ಗಾಲಿಕುರ್ಚಿಯಲ್ಲಿ ಕೂತ. ಸುತ್ತ ವಾಕರುಗಳು ಒಂದರ ಬೆನ್ನಿಗೊಂದು ಒರಗಿಕೊಂಡಿದ್ದವು. ಹದಿಮೂರು ವಿಳಾಸಗಳನ್ನೂ ಬರೆದುಕೊಳ್ಳೋಣವೆಂದು ಪೆನ್ನು ತೆಗೆದ. ಮೂರು ಸಾಲು ಬರೆದ ಮೇಲೆ, ಇದು ತನ್ನ ಕೈಬರಹದ ಪಟ್ಟಿ ಎಂದು ಹೊಳೆಯಿತು. ಯಾರ ಕೈಗಾದರೂ ಸಿಕ್ಕಿದರೆ? ಆ ಹಾಳೆ ಹರಿದು ಇನ್ನೊಂದರಲ್ಲಿ ಒಂದೇ ವಿಳಾಸ ಬರೆದುಕೊಂಡ. ಅತ್ತೆಯ ಹುಣ್ಣಿಗೆ ಹಾಸಿಗೆ ಕೇಳಿದವಳದ್ದು. ಅದು ಅವನ ಮನೆಯ ದಾರಿಯಲ್ಲೇ ಇತ್ತು.

ಎಲ್ಲವನ್ನೂ ಆರಿಸಿ, ಅಳಿಸು ಎಂದು ಒತ್ತಿದ. 'ಒಮ್ಮೆ ಅಳಿಸಿದರೆ ಮರಳಿ ಬರುವುದಿಲ್ಲ. ಮುಂದುವರಿಯಲೇ?' ಎಂದು ಕೇಳಿತು. ಅಳಿಸುವ ಮುನ್ನ ಎಚ್ಚರಿಸುತ್ತದೆಯೇ ಎನ್ನುವುದು ಇಪ್ಪತ್ತೆರಡನೆಯ ಪ್ರಶ್ನೆ. 'ಆ'ಗೆ ಹತ್ತಕ್ಕೆ ಹತ್ತು ಕೊಟ್ಟಿದ್ದ. ಮುಂದುವರಿಯಿತು.

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ನೂರು ವರ್ಷ ಆಯಸ್ಸು ಅನ್ನುತ್ತಾರೆ. ಅವನಿಗೂ ಹಾಗೇ ಅನ್ನಿಸಿತು. ಎದ್ದು ಬಂದು ಪಾಸ್‌ವರ್ಡಿನ ಚೀಟಿ ನರ್ಸಮ್ಮನ ಕೈಗಿಟ್ಟು, ಒಂದು ಗಾಳಿ ಹಾಸಿಗೆ ಬೇಕಾಗಿತ್ತು ಎಂದ.

"ಯಾರಿಗೆ?"

"ಪರಿಚಯದವರು."

"ಹುಣ್ಣು ಎಲ್ಲಿ?"

"ಬೆನ್ನಲ್ಲಿ. ಅಂಗೈಯಷ್ಟು."

"ಎಷ್ಟು ದಿನದಿಂದ?"

"ಈಗೀಗ."

ನರ್ಸಮ್ಮ ನೋಟುಪುಸ್ತಕ ತೆರೆದು ಅವನ ಸಹಿಗೆ ಜಾಗ ತೋರಿಸಿದರು. "ಅಂಗೈಯಷ್ಟು ಹುಣ್ಣು ಈಗೀಗ ಆಗಲ್ಲ ಮೇಷ್ಟ್ರೇ."

ಅವನು ಸಹಿ ಮಾಡಿದ. ಯಾವ ಮಗ್ಗುಲು ಮೇಲೆ ಬರಬೇಕು, ಪಂಪನ್ನು ಮಂಚದ ಯಾವ ತುದಿಗೆ ಸಿಕ್ಕಿಸಬೇಕು, ಗಾಳಿ ಎಷ್ಟಿರಬೇಕು ಎಂದು ಅವರು ಹೇಳುತ್ತಿದ್ದರು. ತಲೆಯಾಡಿಸಿದ. ಒಂದೂ ಕಿವಿಗೆ ಹೋಗಲಿಲ್ಲ.

ಬರೆದುಕೊಂಡ ವಿಳಾಸದ ಮನೆ ಎರಡನೆಯ ಮಹಡಿಯಲ್ಲಿತ್ತು. ಸುತ್ತಿದ ಹಾಸಿಗೆಯನ್ನು ಕಂಕುಳಲ್ಲಿ, ಪಂಪನ್ನು ಕೈಯಲ್ಲಿ ಹಿಡಿದು ಹತ್ತುವಾಗ ಏದುಸಿರು ಬಂತು. ಹತ್ತುತ್ತ ಹತ್ತುತ್ತ ಮನಸ್ಸು ಹಗುರಾಗುತ್ತಿರುವುದು ಅವನಿಗೇ ಗೊತ್ತಾಯಿತು. ಯಾವ ಕಾರ್ಯದರ್ಶಿ ಸ್ವತಃ ಹೊತ್ತು ತಂದು ಕೊಡುತ್ತಾನೆ? ತಡವಾಗಿರಬಹುದು, ತಡವಾಗಿಯಾದರೂ ಬಂದೆನಲ್ಲ. ಇನ್ನು ಹನ್ನೆರಡು ಮನೆಯವರು ಬೇಕಿದ್ದರೆ ಇನ್ನೊಮ್ಮೆ ಬರೆಯುತ್ತಾರೆ. ಈಗಂತೂ ನೋಡುವವರಿದ್ದಾರೆ.

ಬಾಗಿಲು ತೆರೆದವಳಿಗೆ ನಲವತ್ತರ ಆಸುಪಾಸು. ಕೈ ಒದ್ದೆಯಾಗಿತ್ತು.

"ಸಂಘದಿಂದ" ಎಂದ.

ಅವಳು ಹಾಸಿಗೆಯನ್ನು ನೋಡಿದಳು. ಆಮೇಲೆ ಅವನನ್ನು. "ಬನ್ನಿ. ಭಾರ ಇರಬೇಕು, ಕೊಡಿ ಈ ಕಡೆ."

ಒಳಗಿನ ಕೋಣೆಯಲ್ಲಿ ಮಂಚವಿತ್ತು. ಆರಡಿ ಉದ್ದ, ಮೂರಡಿ ಅಗಲ. ಬರೀ ಹಲಗೆ. ಹಲಗೆಯನ್ನು ಉಜ್ಜಿ ತೊಳೆದ ಗುರುತಿತ್ತು. ಕೋಣೆಯೆಲ್ಲ ಸೋಪಿನ ವಾಸನೆ. ಅವಳು ನೀರು ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದು ಹೇಳಿದಳು:

"ಅತ್ತೆ ಹೋಗಿ ಹದಿನೆಂಟು ದಿನ ಆಯ್ತು."

ಲೋಟವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಾಂತ್ರಿಕ ಕಾರಣದಿಂದ, ಎಂದು ಶುರು ಮಾಡಿದ. ಕೆಲವು ಕೋರಿಕೆಗಳು, ಎಂದ. ಅವಳು ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಿಮ್ಮದೇನು ತಪ್ಪಿದೆ ಅಣ್ಣ, ನೀವು ತರೋರು. ಅವರು ಕೊಟ್ಟಾಗ ತಾನೇ ನೀವು ತರಬೇಕು." ಅವನನ್ನು ಕೂಲಿಯವನೆಂದು ತಿಳಿದಿದ್ದಳು. "ಒಂದು ಉಪಕಾರ ಮಾಡಿ. ಅಲ್ಲಿ ಯಾರು ದೊಡ್ಡವರಿದ್ದಾರೋ ಅವರಿಗೊಂದು ಮಾತು ಹೇಳಿ. ನಾವು ಒಂದು ಸಲಾನೂ ಫೋನ್ ಮಾಡಲಿಲ್ಲ ಅಂತ. ನಂಬರ್ ನನ್ನ ಹತ್ರ ಇತ್ತು. ಮಾಡ್ತೀನಿ ಅಂದ್ರೆ ಅತ್ತೇನೇ ಬಿಡಲಿಲ್ಲ. ಮಾತು ಕೊಟ್ಟ ಮೇಲೆ ಪೀಡಿಸಬಾರದು, ನಮಗಿಂತ ಕಷ್ಟದಲ್ಲಿರೋರು ಇರ್ತಾರೆ, ಅವರಿಗೆ ಮೊದಲು ಕೊಡ್ತಿರ್ತಾರೆ ಅಂತಿದ್ರು."

ಆ ಮಾತಿನಲ್ಲಿ ದೂರು ಇರಲಿಲ್ಲ. ಅವನು ಹುಡುಕಿದ. ದೂರು ಸಿಕ್ಕಿದ್ದರೆ ಅದಕ್ಕೊಂದು ಉತ್ತರ ಇತ್ತು.

"ಹೇಳ್ತೀನಿ" ಎಂದ.

ಹಾಸಿಗೆಯನ್ನು ಎತ್ತಿಕೊಳ್ಳಲು ಬಗ್ಗಿದ. ಅವಳು ತಡೆದಳು.

"ತಂದಿದ್ದೀರಲ್ಲ. ಒಂದು ಸಲ ಹಾಕಿ. ಅದು ಹೇಗಿರುತ್ತೆ ಅಂತ ದಿನಾ ಕೇಳ್ತಿದ್ರು ಅತ್ತೆ. ನನಗೂ ಗೊತ್ತಿರಲಿಲ್ಲ, ಹೇಳೋಕಾಗಲಿಲ್ಲ."

ಅವನು ಹಾಸಿಗೆಯನ್ನು ಮಂಚದ ಮೇಲಿಟ್ಟ. ಬಿಚ್ಚಿದ. ಆರು ವರ್ಷದಲ್ಲಿ ಇದನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಯಾವ ಮಗ್ಗುಲು ಮೇಲೆ ಎಂದು ಗೊತ್ತಾಗದೆ ಎರಡು ಸಲ ಮಗುಚಿದ. ಕೊಳವೆ ಸಿಕ್ಕಿಸುವ ತುದಿ ಅವಳೇ ಹುಡುಕಿ ಕೊಟ್ಟಳು. ಮೂಲೆಗಳನ್ನು ಎಳೆದು ಸುಕ್ಕು ಬಿಡಿಸಿದಳು. ಅವಳ ಕೈಗೆ ಆ ಕೆಲಸ ಗೊತ್ತಿತ್ತು. ಸ್ವಿಚ್ಚು ಹಾಕಿದ. ಪಂಪು ಸಣ್ಣಗೆ ಗುರುಗುಟ್ಟಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಹಾಸಿಗೆಯ ಪಟ್ಟಿಗಳು ನಿಧಾನವಾಗಿ ಉಬ್ಬಿದವು. ಒಂದು ಬಿಟ್ಟು ಒಂದು ಮೇಲೇಳುತ್ತಿತ್ತು. ಅದು ತುಂಬಿ ನಿಂತ ಮೇಲೆ ಮೆಲ್ಲಗೆ ಕುಸಿದು, ಪಕ್ಕದ್ದು ಏಳುತ್ತಿತ್ತು.

"ಓ. ಹೀಗಾ" ಎಂದಳು ಅವಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ತುಸು ಹೊತ್ತಿನ ಮೇಲೆ ಕೇಳಿದಳು: "ಎಷ್ಟು ಹೊತ್ತು ಹೀಗೆ ಮಾಡುತ್ತೆ?"

"ನಿಲ್ಲಿಸೋವರೆಗೂ."

ಸ್ವಿಚ್ಚು ಅವನ ಕೈಯ ಹತ್ತಿರವೇ ಇತ್ತು. ಅವಳು ಎದ್ದು ಅದರ ಕಡೆ ಬರಲಿಲ್ಲ. ಅವನ ಕೈಯೂ ಹೋಗಲಿಲ್ಲ. ಮೇಲೆ ಯಾರೂ ಮಲಗಿಲ್ಲವೆಂಬುದು ಹಾಸಿಗೆಗೆ ಗೊತ್ತಿರಲಿಲ್ಲ. ಒಂದು ಪಟ್ಟಿ ಏಳುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು, ಬಹಳ ಜಾಗ್ರತೆಯಿಂದ, ಎಲ್ಲಿಯೂ ನೋಯದ ಹಾಗೆ.